ರೊಟ್ಟಿ ಬಿಡದೆ ತೂಕ ಇಳಿಸಬಹುದಾ?

ಹುಬ್ಬಳ್ಳಿಯಲ್ಲಿದ್ದು ಜೋಳದ ರೊಟ್ಟಿ ಬಿಡದೆ ತೂಕ ಇಳಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಇಳಿಸಬಹುದು. ಮೂರು ರೊಟ್ಟಿ ತಿನ್ನುವಲ್ಲಿ ಎರಡು ತಿನ್ನಿ. ಜೊತೆಗೆ ಹೆಸರುಕಾಳಿನ ಪಲ್ಯ, ಹಸಿ ಮೆಂತ್ಯೆ ಪಚಡಿ ಜಾಸ್ತಿ ಹಾಕಿಕೊಳ್ಳಿ. ಕಾಳಿನಲ್ಲಿ ಪ್ರೋಟೀನ್, ನಾರು ಎರಡೂ ಇರುವುದರಿಂದ ಬೇಗ ಹಸಿವಾಗುವುದಿಲ್ಲ. ಶೇಂಗಾ ಚಟ್ನಿಪುಡಿ ಮಾತ್ರ ಒಂದೇ ಚಮಚ ಸಾಕು. 100 ಗ್ರಾಂ ಶೇಂಗಾದಲ್ಲೇ ಸುಮಾರು 570 ಕ್ಯಾಲೊರಿ ಇದೆ, ಮೇಲೆ ಎಣ್ಣೆ ಬೇರೆ ಸುರಿದುಕೊಳ್ಳುತ್ತೇವೆ ಅಲ್ವಾ? ಮಿರ್ಚಿ ಭಜಿ ವಾರಕ್ಕೊಮ್ಮೆ ಇರಲಿ.

ಉಣಕಲ್ ಕೆರೆ ಹತ್ತಿರವಿದ್ದರೆ ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ವಾರಕ್ಕೆ ಅರ್ಧ ಕಿಲೋ ಇಳಿದರೂ ಒಳ್ಳೆಯ ವೇಗವೇ. ಒಂದು ವಾರ ಇಳಿಯದಿದ್ದರೆ ಧೈರ್ಯಗೆಡಬೇಡಿ. ಮೈಯಲ್ಲಿ ನೀರು ನಿಂತರೂ ತೂಕ ಜಾಸ್ತಿ ತೋರಿಸುತ್ತದೆ. ಶುಗರ್ ಮಾತ್ರೆ ತಗೊಳ್ಳುತ್ತಿದ್ದರೆ ಊಟ ಕಡಿಮೆ ಮಾಡುವ ಮೊದಲು ಡಾಕ್ಟರನ್ನು ಕೇಳಿ.