ಕೇಳಿ, ಹೇಳ್ತೀನಿ: ಸೀಳು ಬಿಟ್ಟ ಹಲಸು, ಹೊಲಿದ ದೋಣಿ, ರಾತ್ರೋರಾತ್ರಿ ಒಡೆದ ಗಾಜು

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಸೀಳ್ತು, ಒಡೀತು, ಬಿಟ್ಕೊಳ್ತು ಅನ್ನೋ ದೂರುಗಳೇ. ಮಳೆಗಾಲದಲ್ಲಿ ಮಾಡಿ ಬೇಸಿಗೇಲಿ ಅಳೋದು ನಮ್ಮಂಥವ್ರ ಹಣೆಬರಹ, ಇರ್ಲಿ, ಒಂದೊಂದಾಗಿ ನೋಡೋಣ.

ಪ್ರಶ್ನೆ: ಸಾರ್, ತೋಟದಲ್ಲಿ ಬಿದ್ದ ಹಲಸಿನ ಮರಾನ ಸಾಮಿಲ್ಲಲ್ಲಿ ಎರಡಿಂಚು ದಪ್ಪಕ್ಕೆ ಕೊಯ್ಸಿ ಇಟ್ಟಿದ್ದೆ, ಅಂಚು ಇದ್ದಹಾಗೇ ಬಿಟ್ಟು ಊಟದ ಟೇಬಲ್ ಮಾಡೋ ಆಸೆ. ಎಂಟೇ ತಿಂಗಳಿಗೆ ತುದಿಯಿಂದ ಒಂದಡಿ ಸೀಳಿದೆ. ಆಚಾರ್ರು ಫೆವಿಕಾಲ್‌ಗೆ ಮರದ ಹುಡಿ ಕಲಸಿ ತುಂಬ್ತೀನಿ ಅಂತಾರೆ. ತುಂಬಿಸ್ಲಾ? (ಓದುಗರು, ಸಾಗರ)

ಈಗ್ಲೇ ಬೇಡ. ಹಲಗೆ ಇನ್ನೂ ಒಣಗಿಲ್ಲ. ಗಾಳೀಲಿ ಒಣಗೋಕೆ ಇಂಚಿಗೊಂದು ವರ್ಷ ಅನ್ನೋದು ಹಳೇ ಲೆಕ್ಕ, ನಿಮ್ದು ಎರಡಿಂಚು, ಅದ್ರ ಮೇಲೆ ನಿಮ್ಮೂರಿನ ಮಳೆ ಬೇರೆ. ತುದಿಯಿಂದ ನೀರು ಬೇಗ ಹೋಗುತ್ತೆ, ಮೈಯಿಂದ ನಿಧಾನ, ಹಾಗಾಗಿ ತುದಿ ಮೊದ್ಲು ಕುಗ್ಗೋಕೆ ನೋಡುತ್ತೆ ಒಳಗಿಂದು ಬಿಡಲ್ಲ, ಆ ಜಗಳದಲ್ಲಿ ಸೀಳು ಹುಟ್ಟೋದು. ಕೊಯ್ಸಿದ ದಿನವೇ ಎರಡೂ ತುದಿಗೆ ಮೇಣನೋ ಹಳೇ ಪೇಂಟೋ ಬಳಿದಿದ್ರೆ ಇಷ್ಟು ಆಗ್ತಿರ್ಲಿಲ್ಲ. ಈಗ್ಲಾದ್ರೂ ಬಳೀರಿ. ಹಲಗೆಗಳ ನಡುವೆ ಸಮ ಅಂತರಕ್ಕೆ ಮರದ ಪಟ್ಟಿ ಕೊಟ್ಟು ಒಂದರ ಮೇಲೊಂದು ಪೇರಿಸಿ, ಬಿಸಿಲು ಬೀಳದ ಗಾಳಿ ಆಡೋ ಜಾಗದಲ್ಲಿ ಇನ್ನೊಂದು ವರ್ಷ ಮರೆತುಬಿಡಿ.

ಇನ್ನೊಂದ್ ವಿಷ್ಯ. ಮರ ಉದ್ದಕ್ಕೆ ಕುಗ್ಗೋದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಅಡ್ಡಕ್ಕೆ ಕುಗ್ಗುತ್ತೆ, ಅದ್ರಲ್ಲೂ ಉಂಗುರದ ಸುತ್ತಿನ ದಿಕ್ಕಿಗೆ ಕುಗ್ಗೋದು ನಡುವಿಂದ ಹೊರಕ್ಕೆ ಕುಗ್ಗೋದರ ಹೆಚ್ಚುಕಮ್ಮಿ ಎರಡರಷ್ಟು. ಮರದ ನಟ್ಟನಡು ತಿರುಳು ನಿಮ್ಮ ಹಲಗೇಲಿ ಉಳಿದಿದ್ರೆ ಅಲ್ಲಿ ಸೀಳೇ ಸೀಳುತ್ತೆ, ದೇವ್ರು ಬಂದ್ರೂ ತಡೆಯಲ್ಲ.

ನಂದೂ ಒಂದು ಕೇಳಿ. ಒಂದು ಜುಲೈನಲ್ಲಿ ಬೆಂಗಳೂರಿನ ಗಿರಾಕಿಗೆ ಟೇಬಲ್ ಮಾಡ್ದೆ, ಮೇಲ್ಹಲಗೇನ ಕೆಳಗಿನ ಅಡ್ಡಪಟ್ಟಿಗೆ ಅಂಟು ಹಾಕಿ ಎಂಟು ಸ್ಕ್ರೂ ಬಿಗಿದು, ಅಲುಗಾಡಬಾರ್ದು ನೋಡು ಅಂತ ಬೀಗಿದೀನಿ ಬೇರೆ. ಮಾರ್ಚಲ್ಲಿ ಫೋನು. ರಾತ್ರಿ ಎರಡು ಗಂಟೆಗೆ ಪಟಾರ್ ಅಂತ ಸದ್ದಾಯ್ತಂತೆ, ಕಳ್ಳ ಬಂದ ಅಂತ ಮನೆಯವ್ರೆಲ್ಲ ಎದ್ದು ನೋಡಿದ್ರೆ ಟೇಬಲ್ ನಡುವೆ ಬೆರಳು ತೂರೋಷ್ಟು ಬಾಯಿ. ತಪ್ಪು ನಂದೇ. ಈಗ ಅಡ್ಡಪಟ್ಟೀಲಿ ದುಂಡು ತೂತು ಕೊರೆಯಲ್ಲ, ಹಲಗೆ ಅಗಲದ ದಿಕ್ಕಿಗೆ ಉದ್ದನೆ ತೂತು ಮಾಡಿ, ವಾಷರ್ ಹಾಕಿ, ನಡುವಿನ ಸ್ಕ್ರೂ ಮಾತ್ರ ಬಿಗಿಯಾಗಿ ಮಿಕ್ಕಿದ್ದು ಸ್ವಲ್ಪ ಸಡಿಲ. ಅಂಟು ಅಲ್ಲಿ ಒಂದು ಹನಿಯೂ ಇಲ್ಲ.

ಪ್ರಶ್ನೆ: ಸೀಳಿನ ಮೇಲೆ ಚಿಟ್ಟೆ ಥರದ ತುಂಡು ಕೂರಿಸಿದ ಟೇಬಲ್ ಫೋಟೋ ನೋಡ್ದೆ, ನಕಾಶಿಮಾ ಅಂತ ಬರೆದಿತ್ತು. ಅದು ಜಪಾನ್ ಕಂಪ್ನಿನಾ? ನಾವೂ ಹಾಕ್ಬಹುದಾ? (ಓದುಗರು, ಧಾರವಾಡ)

ಕಂಪ್ನಿ ಅಲ್ಲ ಮಾರಾಯ್ರೆ, ಮನುಷ್ಯ. ಜಾರ್ಜ್ ನಕಾಶಿಮಾ, 1905ರಲ್ಲಿ ಅಮೆರಿಕದ ಸ್ಪೊಕೇನ್‌ನಲ್ಲಿ ಜಪಾನಿ ಮನೆತನದಲ್ಲಿ ಹುಟ್ಟಿದವ್ರು, ಓದಿದ್ದು ಆರ್ಕಿಟೆಕ್ಚರ್. ನಮ್ಮ ಕಡೆ ನಂಟೂ ಇದೆ. ಪಾಂಡಿಚೇರಿ ಅರವಿಂದಾಶ್ರಮದ ಗೋಲ್ಕೊಂಡ ಕಟ್ಟಡ ಇದೆಯಲ್ಲ, ಗೋಡೆ ಬದಲು ಉದ್ದಕ್ಕೂ ತೆರೆಯೋ ಮುಚ್ಚೋ ಕಾಂಕ್ರೀಟ್ ಪಟ್ಟಿಗಳಿರೋದು, 1937ರಿಂದ ಎರಡು ವರ್ಷ ಅದ್ರ ಕೆಲಸ ನೋಡ್ಕೊಂಡಿದ್ದು ಇವ್ರೇ, ಆಶ್ರಮದಲ್ಲಿ ಸುಂದರಾನಂದ ಅಂತ ಹೆಸ್ರೂ ಸಿಕ್ತು. ವಾಪಸ್ ಹೋದ್ಮೇಲೆ ಯುದ್ಧ. 1942ರಲ್ಲಿ ಹೆಂಡ್ತಿ, ಎಳೇ ಮಗು ಸಮೇತ ಇಡಾಹೋದ ಮಿನಿಡೋಕಾ ಕ್ಯಾಂಪಿಗೆ ಹಾಕಿದ್ರು, ಜಪಾನಿ ಮೂಲದವ್ರು ಅನ್ನೋದೊಂದೇ ಕಾರಣ. ಆ ಮುಳ್ಳುತಂತಿ ಒಳಗೇ ಹಿಕೋಗಾವಾ ಅನ್ನೋ ಹಿರಿಯ ಬಡಗಿ ಸಿಕ್ಕಿ ಜಪಾನಿ ಕೈಕೆಲಸ ಕಲಿಸಿದ್ರು, ಸಿಕ್ಕ ಚೂರುಪಾರು ಮರದಲ್ಲೇ. 1943ರಲ್ಲಿ ಹೊರಗೆ ಬಂದು ಪೆನ್ಸಿಲ್ವೇನಿಯಾದ ನ್ಯೂ ಹೋಪ್‌ನಲ್ಲಿ ನೆಲೆ ನಿಂತ್ರು. ಬೇರೆಯವ್ರು ಸೀಳಿದೆ ಅಂತ ಮೂಲೆಗೆ ಬಿಸಾಕಿದ ಹಲಗೆಗಳೇ ಇವ್ರಿಗೆ ಬೇಕಾಗಿದ್ದು. 1964ರಲ್ಲಿ ಅಹಮದಾಬಾದಿನ ವಿನ್ಯಾಸ ಕಲಿಸೋ ಸಂಸ್ಥೆ ಎನ್‌ಐಡಿಗೂ ಬಂದು ಪೀಠೋಪಕರಣ ಡಿಸೈನ್ ಮಾಡಿಕೊಟ್ಟಿದ್ರು. ತೀರಿಕೊಂಡಿದ್ದು 1990ರಲ್ಲಿ.

ಹಾಕ್ಬಹುದಾ ಅಂದ್ರಿ. ಹಾಕಿ, ಆದ್ರೆ ಶೋಕಿಗೆ ಬೇಡ. ಡಮರು ಆಕಾರದ ಗಟ್ಟಿ ಮರದ ತುಂಡು, ಬೀಟೆ ಚೂರು ಸಿಕ್ಕಿದ್ರೆ ಚೆನ್ನ. ಅದ್ರ ಎಳೆ ಸೀಳಿಗೆ ಅಡ್ಡವಾಗಿ ಇರ್ಬೇಕು, ಎಳೆ ಸೀಳಿನ ಉದ್ದಕ್ಕೇ ಇಟ್ರೆ ಆ ಡಮರುವಿನ ಸೊಂಟವೇ ಮುರಿಯುತ್ತೆ. ಆಳ ಹಲಗೆ ದಪ್ಪದ ಅರ್ಧದ ಹತ್ರ. ತುಂಡನ್ನ ಹಲಗೆ ಮೇಲಿಟ್ಟು ಪೆನ್ಸಿಲ್ ಬೇಡ, ಚೂಪು ಚಾಕುವಿನ ಮೊನೆಯಲ್ಲಿ ಗೆರೆ ಎಳೀರಿ, ಉಳಿ ಆ ಗೆರೆಗೇ ಹೋಗಿ ಕೂರುತ್ತೆ. ಸಾಗರದವ್ರೇ, ನಿಮ್ಮ ಹಲಸಿಗೂ ಇದೇ ಮದ್ದು, ಒಣಗಿದ ಮೇಲೆ.

ಪ್ರಶ್ನೆ: ಹಿನ್ನೀರಲ್ಲಿ ಓಡಾಡೋಕೆ ಇಬ್ಬರು ಕೂರೋ ದೋಣಿ ಮನೇಲೇ ಮಾಡ್ಬೇಕು. ಪ್ಲೈವುಡ್ ಹೊಲಿದು ಮಾಡೋದು ಅಂತ ಕೇಳ್ದೆ, ಹೊಲಿಯೋದಾ? ತಮಾಷೆನಾ? (ಓದುಗರು, ಹೊನ್ನಾವರ)

ಕರಾವಳಿಯವ್ರು ನೀವೇ ಹೀಗಂದ್ರೆ ಹೇಗೆ! ನಮ್ಮ ಪಡುಕರೇಲಿ ಹಿಂದೆ ಹಲಗೆಗಳನ್ನ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದೇ ಹಡಗು ಕಟ್ತಿದ್ದದ್ದು. ಮೊಳೆ ತುಕ್ಕು ಹಿಡಿಯುತ್ತೆ, ಹೊಲಿಗೆ ಹಿಡಿಯಲ್ಲ, ಮರಳಿಗೆ ತಾಗಿದ್ರೆ ಸ್ವಲ್ಪ ಬಳುಕಿ ಬದುಕುತ್ತೆ. ನಿಮ್ಮ ಪಕ್ಕದ ಕಾರವಾರದಲ್ಲೇ 2025ರ ಮೇನಲ್ಲಿ ನೌಕಾಪಡೆ ಸೇರಿದ ಕೌಂಡಿನ್ಯ ಹಡಗು ಹಾಗೆ ಹೊಲಿದಿದ್ದೇ, ಅಜಂತಾ ಚಿತ್ರ ನೋಡಿ ಮಾಡಿದ್ದು, ಕೇರಳದ ಕಸುಬುದಾರರ ಕೈಯದ್ದು.

ಪ್ಲೈವುಡ್‌ದು ಅದ್ರ ಚಿಕ್ಕ ತಮ್ಮ. ಹಲಗೆ ಕತ್ತರಿಸಿ, ಅಂಚಲ್ಲಿ ಸಣ್ಣ ತೂತು, ತಾಮ್ರದ ತಂತೀಲಿ ಕಟ್ಟಿ ತಿರುಚಿದ್ರೆ ಚಪ್ಪಟೆ ಇದ್ದದ್ದು ಎದ್ದು ದೋಣಿ ಆಗುತ್ತೆ, ಮೊದಲ ಸಲ ನೋಡಿದವ್ರು ನಗ್ತಾರೆ ಖುಷೀಗೆ. ಒಳಗಿನ ಮೂಲೆಗೆ ಎಪಾಕ್ಸಿಗೆ (ಎರಡು ದ್ರವ ಬೆರೆಸಿದ್ರೆ ಗಟ್ಟಿಯಾಗೋ ಅಂಟು) ಮರದ ಹುಡಿ ಬೆರೆಸಿ ಮೆತ್ತಿ, ಮೇಲೆ ಗ್ಲಾಸ್ ಬಟ್ಟೆಯ ಪಟ್ಟಿ. ಇಂಗ್ಲೆಂಡಲ್ಲಿ 1963ರಲ್ಲಿ ಬಂದ ಮಿರರ್ ಅನ್ನೋ ಹನ್ನೊಂದಡಿ ಹಾಯಿದೋಣಿ ಹೀಗೇ, ಕಿಟ್ ತಗೊಂಡು ಜನ ಮನೆಯಲ್ಲೇ ಕಟ್ಟಿದ್ರು, 70,000ಕ್ಕೂ ಜಾಸ್ತಿ ಆಗಿವೆ. ಪ್ಲೈ ಮಾತ್ರ ಐಎಸ್ 710 ಗುರುತಿನ, ನೀರು ತಾಳೋ ಮರೀನ್ ಪ್ಲೈ ಇರ್ಲಿ, ಅಡುಗೆಮನೆ ಕಪಾಟಿನ ಉಳಿಕೆ ಬೇಡ. ಮಳೆಗಾಲದಲ್ಲಿ ಎಪಾಕ್ಸಿ ಮುಟ್ಬೇಡಿ, ತೇವಕ್ಕೆ ಮೇಲೆ ಬೆವತಂಗೆ ಜಿಡ್ಡು ಕೂರುತ್ತೆ, ಅದ್ರ ಮೇಲೆ ಮುಂದಿನ ಪದರ ಹಿಡಿಯಲ್ಲ. ಆಗಿಹೋಗಿದ್ರೆ ಬರೀ ನೀರು, ಒರಟು ಸ್ಕ್ರಬ್ಬರ್, ಚೆನ್ನಾಗಿ ತಿಕ್ಕಿ ಒಣಗಿಸಿ. ಲೈಫ್ ಜಾಕೆಟ್ ಎರಡು ಮೊದ್ಲು ತಗೊಳ್ಳಿ, ಪ್ಲೈ ಆಮೇಲೆ.

ಪ್ರಶ್ನೆ: ಮಡಿಕೆ ಸುಡೋ ಎಲೆಕ್ಟ್ರಿಕ್ ಗೂಡಲ್ಲಿ ಹಳೇ ಬಾಟ್ಲಿ ಕರಗಿಸಿ ತಟ್ಟೆ ಮಾಡ್ದೆ. ಸೊಗಸಾಗಿ ಬಂತು, ಶೆಲ್ಫಲ್ಲಿಟ್ಟೆ, ಬೆಳಗ್ಗೆ ಎರಡು ಹೋಳು. ಯಾರೂ ಮುಟ್ಟಿಲ್ಲ! (ಓದುಗರು, ಮೈಸೂರು)

ಅಕ್ಕಾ, ದೃಷ್ಟಿ ಅಲ್ಲ, ಅವಸರ. ಗೂಡು ಬೇಗ ತೆಗೆದಿದ್ದೀರಿ. ಗಾಜಲ್ಲಿ ಬಿಸಿ ಸರಿಯಾಗಿ ಹರಿಯಲ್ಲ, ಹೊರಗಡೆ ಗಟ್ಟಿಯಾದ ಮೇಲೆ ಒಳಗಿಂದು ತಣಿದು ಕುಗ್ಗೋಕೆ ಹೊರಡುತ್ತೆ, ಆ ಎಳೆದಾಟ ಒಳಗೇ ಕೂತಿರುತ್ತೆ. ಬಾಟ್ಲಿ ಗಾಜಾದ್ರೆ ಸುಮಾರು 540 ಡಿಗ್ರೀಲಿ ಒಂದು ಗಂಟೆ ನಿಲ್ಲಿಸಿ, ಅಲ್ಲಿಂದ 370ರವರೆಗೆ ಗಂಟೆಗೆ ಐವತ್ತು ಡಿಗ್ರಿಯಂತೆ ಇಳಿಸಿ, ಆಮೇಲೆ ಸ್ವಿಚ್ ಆಫ್ ಮಾಡಿ ಮಲ್ಕೊಳ್ಳಿ. ಕೈಗೆ ಬೆಚ್ಚಗೆ ಅನ್ನೋವರ್ಗೂ ಮುಚ್ಚಳ ಎತ್ತಬೇಡಿ, ಇಣುಕೋದೂ ಬೇಡ. ಹಸಿರು ಬಾಟ್ಲಿ ಬಿಳಿ ಬಾಟ್ಲಿ ಒಟ್ಟಿಗೆ ಕರಗಿಸಿದ್ದೀರಾ? ಒಂದೊಂದರ ಹಿಗ್ಗು ಕುಗ್ಗು ಬೇರೆ, ಅದೂ ಒಡೆಸುತ್ತೆ.

ಪರೀಕ್ಷೆ ಬೇಕಾ, ಲ್ಯಾಪ್‌ಟಾಪಲ್ಲಿ ಖಾಲಿ ಬಿಳಿ ಪರದೆ ತೆಗೆದು ಅದ್ರ ಮುಂದೆ ತಟ್ಟೆ ಹಿಡಿದು ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಹಾಕ್ಕೊಂಡು, ಪರದೆ ಕಪ್ಪಾಗೋವರ್ಗೂ ತಲೆ ಓರೆ ಮಾಡಿ ನೋಡಿ. ಬೆಳಕಿನ ಪಟ್ಟೆ, ಕಾಮನಬಿಲ್ಲು ಕಂಡ್ರೆ ಎಳೆದಾಟ ಒಳಗಿದೆ ಅಂತರ್ಥ. ಬೇಜಾರು ಬೇಡ, ಒಂಟಿ ಕೈಯಲ್ಲಿ ಗಾಜಿನ ಕಲೆ ಮಾಡಬಹುದು ಅಂತ 1962ರಲ್ಲಿ ಅಮೆರಿಕದ ಟೊಲೀಡೊ ಮ್ಯೂಸಿಯಂನಲ್ಲಿ ಹಾರ್ವೆ ಲಿಟಲ್ಟನ್ ಪುಟ್ಟ ಕುಲುಮೆ ಹಾಕಿದಾಗ ಮೊದಲ ಪಾಕವೇ ಕೆಟ್ಟಿತ್ತು, ಅಪ್ಪ ಗಾಜಿನ ಕಂಪ್ನಿಯ ದೊಡ್ಡ ವಿಜ್ಞಾನಿ ಆಗಿದ್ರೂ. ಲಬೀನೋ ಅನ್ನೋ ಸ್ನೇಹಿತ ಫ್ಯಾಕ್ಟರಿಯ ಗಾಜಿನ ಗೋಲಿ ತಂದ್ಕೊಟ್ಟ ಮೇಲೇ ಊದೋಕೆ ಆಗಿದ್ದು.

ಪ್ರಶ್ನೆ: ನಾನೇ ಮಾಡಿದ ಸ್ಟೂಲಿಗೆ ಮರ, ಪಾಲಿಶ್‌ಗೆ ಆದ ಖರ್ಚು ಬರೆದು ಕಳ್ಸಿದ್ದೀನಿ. ರೇಟ್ ಎಷ್ಟು ಹೇಳ್ಲಿ? (ಓದುಗರು, ಶಿರಸಿ)

ಮರದ ದುಡ್ಡು ಬರೆದ್ರಿ, ಪಾಲಿಶ್ ಬರೆದ್ರಿ, ಗಂಟೆ ಬರೆದಿಲ್ಲ. ಮುಂದಿನ ಸ್ಟೂಲಿಗೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗಂಟೆ ಗೀಚ್ತಾ ಹೋಗಿ, ಉಳಿ ಮಸೆದ ಹೊತ್ತೂ ಸೇರ್ಸಿ. ಎಣಿಸಿ ಕಳ್ಸಿ, ಆಮೇಲೆ ಮಾತಾಡೋಣ.