ವಾರ್ಡಿನ ಸಿಸ್ಟರ್‌ಗಳಿಗೆ ಕೃತಜ್ಞತೆ ಹೇಳುವುದು ಹೇಗೆ?

ಪ್ರಶ್ನೆ: 72 ವರ್ಷದ ನನ್ನ ತಾಯಿ ಬಚ್ಚಲುಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯ ನಂತರ 11 ದಿನ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೆವು. ಅಲ್ಲಿನ ಸಿಸ್ಟರ್‌ಗಳಲ್ಲಿ ಹೆಚ್ಚಿನವರು ಕೇರಳದವರಾದರೂ ‘ನೋವಿದೆಯಾ ಅಮ್ಮಾ’ ಎಂದು ಕನ್ನಡದಲ್ಲೇ ವಿಚಾರಿಸುತ್ತ, ಮನೆಯವರಂತೆ ನೋಡಿಕೊಂಡರು. ಮೂರನೆಯ ರಾತ್ರಿ ಮಾತ್ರ ಡ್ರಿಪ್ ಹಾಕಿದ್ದ ಕೈ ಊದಿಕೊಂಡದ್ದನ್ನು ಕಂಡು ಒಬ್ಬ ಸಿಸ್ಟರ್ ಮೇಲೆ ರೇಗಾಡಿಬಿಟ್ಟೆ. ಡಿಸ್ಚಾರ್ಜ್ ದಿನ ಬಿಲ್ಲು, ವಿಮೆಯ ಕಾಗದಗಳ ಗಡಿಬಿಡಿಯಲ್ಲಿ ಯಾರಿಗೂ ಹೇಳದೆ ಬಂದೆವು. ಈಗ ಹೋಗಿ ಹಣ ಕೊಡಬಹುದೇ, ಸಿಹಿ ಹಂಚಬಹುದೇ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಹಣ ಬೇಡ. ರೋಗಿಯ ಕಡೆಯವರಿಂದ ಸಿಬ್ಬಂದಿ ಹಣ ಪಡೆಯುವುದನ್ನು ಆಸ್ಪತ್ರೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ನೀವು ಪ್ರೀತಿಯಿಂದ ಕೊಟ್ಟ 500 ರೂಪಾಯಿ ಅವರ ಕೆಲಸಕ್ಕೇ ಕುತ್ತಾಗಬಹುದು. ಪಕ್ಕದ ಹಾಸಿಗೆಯ ಬಡವರು ಅದನ್ನು ನೋಡಿ, ತಾವೂ ಕೊಡಬೇಕೇನೋ ಎಂದು ಕಳವಳಗೊಳ್ಳುತ್ತಾರೆಂಬುದನ್ನೂ ಮರೆಯಬೇಡಿ. ಸರ್ಕಾರಿ ಆಸ್ಪತ್ರೆಯಾಗಿದ್ದರೂ ನನ್ನ ಉತ್ತರ ಇದೇ. ಸಿಹಿಗೆ ಅಡ್ಡಿಯಿಲ್ಲ, ಆದರೆ ಬೆಳಗಿನ ಪಾಳಿಯವರ ಕೈಗಿತ್ತ ಮೈಸೂರುಪಾಕಿನ ಡಬ್ಬಿ ರಾತ್ರಿ ಪಾಳಿಯವರು ಬರುವ ಹೊತ್ತಿಗೆ ಖಾಲಿಯಾಗಿರುತ್ತದೆ. ಪಾಳಿಗೊಂದರಂತೆ ಬೇರೆಬೇರೆ ಡಬ್ಬಿ ಕೊಡಿ. ಬೆಡ್‌ಪ್ಯಾನ್ ಇಟ್ಟು ತೆಗೆದ ಆಯಾಗಳನ್ನೂ ಸ್ಟ್ರೆಚರ್ ತಳ್ಳಿದ ವಾರ್ಡ್ ಬಾಯ್‌ಗಳನ್ನೂ ಬಿಡಬೇಡಿ.

ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಒಂದು ಪತ್ರ. ‘ಎಲ್ಲರೂ ಚೆನ್ನಾಗಿ ನೋಡಿಕೊಂಡರು’ ಎಂದಷ್ಟೇ ಬರೆದರೆ ಅದನ್ನು ಓದಿ ಫೈಲಿಗೆ ಸೇರಿಸುತ್ತಾರೆ, ಅಷ್ಟೆ. ಏನನ್ನು ಕಂಡಿರೋ ಅದನ್ನು ಬರೆಯಿರಿ. ಸೊಂಟದ ಶಸ್ತ್ರಚಿಕಿತ್ಸೆಯಾದ ವೃದ್ಧರಿಗೆ ಬೆನ್ನು, ಹಿಮ್ಮಡಿಗಳಲ್ಲಿ ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದು, ಆಗ ಕಾಲುಗಳ ನಡುವೆ ದಿಂಬಿಟ್ಟು ಒಬ್ಬರು ಭುಜ, ಇನ್ನೊಬ್ಬರು ಸೊಂಟ ಹಿಡಿದು ಒಂದೇ ಎಣಿಕೆಗೆ ಹೊರಳಿಸಿದ್ದು, ಫಿಸಿಯೋಥೆರಪಿಯವರು ಬಂದು ನಡೆಸುವ ಮುಂಚೆಯೇ ನೋವಿನ ಔಷಧ ಕೊಟ್ಟಿದ್ದು ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಕಣ್ಣಿಗೆ ಬೀಳದಿರುವುದು ಪಾಳಿ ಬದಲಾಗುವಾಗ ಹಾಸಿಗೆಯ ಬಳಿ ನಿಂತು ಅವರಾಡುವ ಹತ್ತು ಮಾತು. ಅದನ್ನು ಹ್ಯಾಂಡ್‌ಓವರ್ ಎನ್ನುತ್ತಾರೆ: ಮೂತ್ರ ಎಷ್ಟಾಯಿತು, ಯಾವ ಔಷಧ ಬಾಕಿಯಿದೆ, ಅಮ್ಮ ಯಾವುದಕ್ಕೆ ಹೆದರುತ್ತಾರೆ. ಬೆಳಗಿನವರಿಗೆ ನಿಮ್ಮ ತಾಯಿ ಕಾಫಿಗೆ ಸಕ್ಕರೆ ಬೇಡವೆಂದದ್ದು ಸಂಜೆಯವರಿಗೂ ಗೊತ್ತಿದ್ದರೆ ಅದು ಈ ಹತ್ತು ಮಾತಿನ ಫಲ. ಸಂಸ್ಕೃತದಲ್ಲಿ ‘ಶುಶ್ರೂಷೆ’ ಎಂಬ ಪದಕ್ಕೆ ಮೂಲದಲ್ಲಿ ‘ಕೇಳಿಸಿಕೊಳ್ಳುವ ಬಯಕೆ’ ಎಂಬ ಅರ್ಥವಿದೆಯೆಂಬುದು ನನಗೆ ಆಗಾಗ ನೆನಪಾಗುತ್ತಿರುತ್ತದೆ.

ಆದ್ದರಿಂದ ಪತ್ರದಲ್ಲಿ ಒಬ್ಬರನ್ನೇ ದೇವತೆ ಮಾಡಿ ಉಳಿದವರನ್ನು ಕೈಬಿಡಬೇಡಿ. ನೆನಪಿರುವ ಹೆಸರುಗಳನ್ನು ಬರೆಯಿರಿ. ನೆನಪಿಲ್ಲದಿದ್ದರೆ ವಾರ್ಡು, ತಾರೀಖು, ಪಾಳಿಯನ್ನಾದರೂ ತಿಳಿಸಿದರೆ ಡ್ಯೂಟಿ ಪಟ್ಟಿಯಿಂದ ಅವರೇ ಹುಡುಕಿಕೊಳ್ಳುತ್ತಾರೆ. ನರ್ಸಿಂಗ್ ಸೂಪರಿಂಟೆಂಡೆಂಟರ ಹೆಸರಿಗೆ ಒಂದು ಪ್ರತಿ, ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗೆ ಇನ್ನೊಂದು ಪ್ರತಿ ಕೊಡಿ. ದೂರು ಬಂದರೆ ವಿಚಾರಣೆ ಕೂಡಲೇ ಆಗುತ್ತದೆ, ಮೆಚ್ಚುಗೆಯನ್ನು ಬರೆದು ಕೊಡುವವರು ತೀರ ವಿರಳ.

ರೇಗಾಡಿದ ಸಂಗತಿ: ವಯಸ್ಸಾದವರ ರಕ್ತನಾಳ ನಾಜೂಕಾಗಿರುವುದರಿಂದ ಡ್ರಿಪ್‌ನ ದ್ರವ ಸುತ್ತಲಿನ ಮಾಂಸಕ್ಕೆ ಸೋರಿ ಕೈ ಊದುವುದುಂಟು, ಎಷ್ಟು ಎಚ್ಚರವಿದ್ದರೂ ಆಗುತ್ತದೆ. ಅವರು ಸೂಜಿ ತೆಗೆದು, ಕೈ ಎತ್ತಿಟ್ಟು, ಬೇರೆಡೆ ಹೊಸದಾಗಿ ಹಾಕಿದ್ದರೆ ಮಾಡಬೇಕಾದದ್ದನ್ನೇ ಮಾಡಿದ್ದಾರೆ. ರಾತ್ರಿ ಎರಡು ಗಂಟೆಗೆ ಕಂಗಾಲಾದ ಮಗಳ ಬೈಗುಳ ಅವರಿಗೆ ಹೊಸದೇನಲ್ಲ, ಆದರೆ ಹಳೆಯದಾಯಿತೆಂದು ನೋವು ಕಡಿಮೆಯಾಗುವುದೂ ಇಲ್ಲ. ಕ್ಷಮೆಯನ್ನು ಪತ್ರದಲ್ಲಿ ತುರುಕದೆ, ಆ ಸಿಸ್ಟರ್‌ನ ಪಾಳಿ ಯಾವಾಗೆಂದು ವಿಚಾರಿಸಿಕೊಂಡು ಹೋಗಿ, ಎದುರಿಗೇ ಹೇಳಿ. ಸಾಧ್ಯವಾದರೆ ವಾಕರ್ ಹಿಡಿದು ನಡೆಯುತ್ತಿರುವ ತಾಯಿಯನ್ನೂ ಕರೆದೊಯ್ಯಿರಿ. ಆಸ್ಪತ್ರೆ ಬಿಟ್ಟವರು ಮುಂದೆ ಹೇಗಿದ್ದಾರೆಂಬುದು ವಾರ್ಡಿನವರಿಗೆ ಗೊತ್ತಾಗುವುದೇ ಅಪರೂಪ.

ಪ್ರಶ್ನೆ: ಮೇ 12ರ ದಾದಿಯರ ದಿನಕ್ಕೆ ನಮ್ಮ ಅಪಾರ್ಟ್‌ಮೆಂಟಿನ ವತಿಯಿಂದ ಹತ್ತಿರದ ಆಸ್ಪತ್ರೆಯ ನರ್ಸ್‌ಗಳನ್ನು ಸನ್ಮಾನಿಸಬೇಕೆಂದಿದ್ದೇವೆ. ಹಾರ, ಶಾಲು ಸಾಕೇ?
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: 1820ರ ಮೇ 12 ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ಆ ಕಾರಣಕ್ಕೇ ಅದನ್ನು ಅಂತರರಾಷ್ಟ್ರೀಯ ದಾದಿಯರ ದಿನವಾಗಿ ಆಚರಿಸುತ್ತಾರೆ. ಅಂದೂ ವಾರ್ಡು ತುಂಬಿರುತ್ತದೆಂಬುದನ್ನು ನೆನಪಿಡಿ. ಕೆಲಸದಲ್ಲಿರುವವರನ್ನು ವೇದಿಕೆಗೆ ಎಳೆಯುವುದಾಗಲಿ, ರಾತ್ರಿ ಪಾಳಿ ಮುಗಿಸಿ ಮಲಗಿದವರನ್ನು ಎಬ್ಬಿಸಿ ಶಾಲು ಹೊದಿಸುವುದಾಗಲಿ ಸನ್ಮಾನವಲ್ಲ. ಪಾಳಿ ಬದಲಾಗುವ ಹೊತ್ತಿಗೆ ಹದಿನೈದು ನಿಮಿಷ ಸಿಕ್ಕುವುದೇ ಎಂದು ಮೊದಲೇ ಸೂಪರಿಂಟೆಂಡೆಂಟರನ್ನು ಕೇಳಿ. ಪುರುಷ ನರ್ಸ್‌ಗಳನ್ನು, ಅಂದರೆ ‘ಬ್ರದರ್’ಗಳನ್ನು, ಮರೆಯಬೇಡಿ. ಹೂವನ್ನು ಐಸಿಯು ಒಳಗೆ ಒಯ್ಯಬೇಡಿ. ಭಾಷಣಕಾರರನ್ನಂತೂ ದಯವಿಟ್ಟು ಕರೆಯಬೇಡಿ.