ಪ್ರತಿಕ್ರಿಯೆ: ಸಿಂಗಾಪುರದ ಬಯರ್ ದುಡ್ಡು ಕೊಡ್ತಿಲ್ಲ, ದೊಡ್ಡ ಇಂಟರ್‌ನ್ಯಾಷನಲ್ ಲಾ ಫರ್ಮೇ ಬೇಕಾ?

ಸರ್, 38 ಲಕ್ಷ ರೂಪಾಯಿ ಬಾಕಿ, ಕಾಂಟ್ರಾಕ್ಟಲ್ಲಿ ಎಸ್‌ಐಎಸಿ (ಸಿಂಗಾಪುರದ ಅಂತರರಾಷ್ಟ್ರೀಯ ಆರ್ಬಿಟ್ರೇಶನ್ ಸೆಂಟರ್) ಮೂಲಕ ಆರ್ಬಿಟ್ರೇಶನ್, ಅಂದ್ರೆ ಕೋರ್ಟಿನ ಹೊರಗೆ ಮಧ್ಯಸ್ಥರಿಂದ ತೀರ್ಪು, ಸೀಟ್ (ಅದಕ್ಕೆ ಕಾನೂನಿನ ಪ್ರಕಾರದ ಜಾಗ) ಸಿಂಗಾಪುರ ಅಂದ್ರಿ. ಹಾಗಿದ್ರೆ ಬೆಂಗಳೂರಿನ ಕೋರ್ಟಲ್ಲಿ ಕೇಸ್ ಹಾಕಿ ಟೈಮ್ ಕಳೀಬೇಡಿ, ಎದುರು ಪಾರ್ಟಿ ನಮ್ಮ 1996ರ ಆರ್ಬಿಟ್ರೇಶನ್ ಆಕ್ಟ್‌ನ ಸೆಕ್ಷನ್ 45 ತೋರಿಸಿದ್ರೆ ಕೋರ್ಟು ಸಾಮಾನ್ಯವಾಗಿ ಆರ್ಬಿಟ್ರೇಶನ್‌ಗೇ ಕಳಿಸುತ್ತೆ.

ಇಷ್ಟು ಮೊತ್ತಕ್ಕೆ ಗಂಟೆ ಲೆಕ್ಕದಲ್ಲಿ ಬಿಲ್ ಹಾಕೋ ಲಂಡನ್, ಸಿಂಗಾಪುರದ ಫರ್ಮ್ ಹಿಡಿದ್ರೆ ಬರೋ ದುಡ್ಡೆಲ್ಲ ಅವರ ಫೀಸಿಗೇ ಹೋಗುತ್ತೆ, ನನಗಂತೂ ಅದು ಸರಿ ಅನ್ಸಲ್ಲ. ಎಸ್‌ಐಎಸಿಯ 2025ರ ರೂಲ್ಸಲ್ಲಿ ಸ್ಟ್ರೀಮ್‌ಲೈನ್ಡ್ ಪ್ರೊಸೀಜರ್ ಅಂತ ಬಂದಿದೆ, 10 ಲಕ್ಷ ಸಿಂಗಾಪುರ ಡಾಲರ್ ಒಳಗಿನ ಕ್ಲೇಮಿಗೆ, ಒಬ್ಬರೇ ಆರ್ಬಿಟ್ರೇಟರ್, ಸಾಮಾನ್ಯವಾಗಿ ಕಾಗದಪತ್ರ ನೋಡೇ ತೀರ್ಮಾನ, ಆರ್ಬಿಟ್ರೇಟರ್ ನೇಮಕ ಆಗಿ ಟ್ರಿಬ್ಯೂನಲ್ ಆದ್ಮೇಲೆ 3 ತಿಂಗಳಲ್ಲಿ ಅವಾರ್ಡ್ (ತೀರ್ಪು), ಆರ್ಬಿಟ್ರೇಟರ್, ಎಸ್‌ಐಎಸಿ ಫೀಸಿನ ಗರಿಷ್ಠ ಮಿತಿನೂ ಅರ್ಧಕ್ಕರ್ಧ ಕಮ್ಮಿ. ನಿಮ್ಮಂಥವರಿಗೇ ಮಾಡಿದ ಹಾಗಿದೆ.

ಅಲ್ಲಿ ವಾದ ಮಾಡೋಕೆ ಸಿಂಗಾಪುರದ ವಕೀಲರೇ ಆಗ್ಬೇಕಂತಿಲ್ಲ, ಆರ್ಬಿಟ್ರೇಶನ್ ಮಾಡಿ ಅನುಭವ ಇರೋ ಬೆಂಗಳೂರಿನ ವಕೀಲರು ಸಾಕು. ಆದ್ರೆ ಗೆದ್ದ ಮೇಲೆ ಬಯರ್ ಆಸ್ತಿ, ಬ್ಯಾಂಕ್ ಅಕೌಂಟ್ ಮೇಲೆ ಹೋಗೋಕೆ ಅಲ್ಲಿನ ಹೈಕೋರ್ಟ್ ಪರ್ಮಿಷನ್ ಬೇಕು, ಆ ಹಂತಕ್ಕೆ ಮಾತ್ರ ಅಲ್ಲಿನ ಫರ್ಮ್ ಇಟ್ಕೊಳ್ಳಿ, ಫಿಕ್ಸೆಡ್ ಫೀ ಕೇಳಿ.

ಈಗ್ಲೇ ಮಾಡ್ಬೇಕಾದ್ದು: ಇನ್‌ವಾಯ್ಸ್, ಬಿಲ್ ಆಫ್ ಲೇಡಿಂಗ್ (ಹಡಗಿಗೆ ಸರಕು ಹಾಕಿದ್ದಕ್ಕೆ ಕೊಡೋ ರಸೀದಿ), ಮುಖ್ಯವಾಗಿ "ಮುಂದಿನ ತಿಂಗಳು ಕೊಡ್ತೀವಿ" ಅಂತ ಅವರು ಬರೆದ ಮೇಲ್ ಇದ್ಯಲ್ಲ, ಅದನ್ನ ಡೇಟ್ ಕಾಣೋ ಹಾಗೆ ಪ್ರಿಂಟ್ ತೆಗೆದಿಡಿ, ಬಾಕಿ ಒಪ್ಕೊಂಡಿದ್ದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇರೆ ಇಲ್ಲ. ಕಾಂಟ್ರಾಕ್ಟಿಗೆ ಯಾವ ದೇಶದ ಕಾನೂನು ಅಂತಾನೂ ನೋಡಿ, ನಮ್ಮದಾದ್ರೆ ಲಿಮಿಟೇಶನ್, ಅಂದ್ರೆ ಕ್ಲೇಮ್ ಹಾಕೋಕಿರೋ ಗಡುವು, 3 ವರ್ಷ ಅಷ್ಟೇ. ಕಾಂಟ್ರಾಕ್ಟಿನ ಆ ಷರತ್ತನ್ನ ಇಲ್ಲಿ ಹಾಕಿ, ಹೆಸರು ಅಳಿಸಿ, ನೋಡಿ ಹೇಳ್ತೀನಿ.